ಹತ್ತು ಕೋಳಿಗೆ ನೂರು ಡೋಸಿನ ಬಾಟಲಿ

ಯುಗಾದಿ ಹತ್ತಿರ ಬಂದಿತ್ತು. ಮುಳಬಾಗಿಲಿನಿಂದ ಅಮ್ಮ ಫೋನ್ ಮಾಡಿದರು. "ಕೋಳಿಗಳೆಲ್ಲಾ ತೂಕಡಿಸಿ ತೂಕಡಿಸಿ ಹೋದ್ವಪ್ಪ. ಹೊಸತೊಡಕಿಗೆ ಅಂತ ಇಟ್ಟಿದ್ದ ಹುಂಜಾನೂ ಉಳೀಲಿಲ್ಲ." ನಾನೀಗ ಇರುವುದು ಕೇರಳದ ಆಲಪ್ಪುಳದಲ್ಲಿ. ನಮ್ಮ ಪಕ್ಕದ ಮನೆ ಚೇಚಿಗೆ (ಅಕ್ಕನಿಗೆ ಇಲ್ಲಿ ಹಾಗನ್ನುತ್ತಾರೆ) ಇದನ್ನು ಹೇಳಿದೆ. ಅವರು ಅಯ್ಯೋ ಅನ್ನಲಿಲ್ಲ. "ಲಸಿಕೆ ಹಾಕಿಸಿರಲಿಲ್ವಾ?" ಅಂದರು. ಆ ಮಾತು ಚುಚ್ಚಿತು.

ಕೋಳಿಗಳಿಗೆ ಬರುವ ಈ ಕೊಕ್ಕರೆ ರೋಗ ನಮ್ಮ ಕಡೆ ಹೊಸದಲ್ಲ. ಹಸಿರು ಬೆರೆತ ಹಿಕ್ಕೆ, ಸೊಟ್ಟಗಾದ ಕತ್ತು, ಬಾಯಿ ಬಿಟ್ಟು ಎಳೆಯುವ ಉಸಿರು. ಒಂದು ಮನೆಗೆ ಬಂದರೆ ಬೀದಿಯ ಗೂಡುಗಳೆಲ್ಲ ಖಾಲಿ. ಬಂದ ಮೇಲೆ ಇದಕ್ಕೆ ಔಷಧಿ ಇಲ್ಲ. ಬರದಂತೆ ತಡೆಯಲು ಲಸಿಕೆ ಇದೆ. ಆದರೂ ನಾವು ಮಳೆ ಕೈಕೊಟ್ಟ ವರ್ಷದ ಹಾಗೆ ಇದನ್ನೂ ಸಹಿಸಿಕೊಂಡು ಸುಮ್ನಿರುತ್ತೇವೆ.

ತೊಡಕು ಇರುವುದು ಬಾಟಲಿಯಲ್ಲಿ. ಈ ರೋಗದ ಲಸಿಕೆ ಲಸೋಟಾ, ಚಿಕ್ಕ ಬಾಟಲಿ ಅಂದರೂ ನೂರು ಡೋಸು. ಐಸಿನಲ್ಲಿಟ್ಟೇ ತರಬೇಕು. ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಹತ್ತು ಕೋಳಿ ಇರೋರು ಯಾಕೆ ತಂದಾರು?

ಇಲ್ಲಿ ಆಲಪ್ಪುಳದ ನಮ್ಮ ಓಣಿಯ ಹೆಂಗಸರು ಒಂದು ಸಂಜೆ ಗೊತ್ತು ಮಾಡಿಕೊಂಡು ಒಟ್ಟಿಗೆ ಹಾಕುತ್ತಾರೆ. ಚೇಚಿ ವಾರದ ಮರಿಯನ್ನು ಅಂಗೈಯಲ್ಲಿ ಹಿಡಿದು, ತಲೆ ವಾಲಿಸಿ, ಕಣ್ಣಿಗೆ ಒಂದೇ ಹನಿ ಬಿಡುತ್ತಾರೆ. ಮರಿ ಕಣ್ಣು ಮಿಟುಕಿಸುವವರೆಗೂ ಕೆಳಗೆ ಬಿಡುವುದಿಲ್ಲ. ಹನಿ ಒಳಗೆ ಹೋಗಬೇಕಲ್ವಾ. ಆರೆಂಟು ವಾರಕ್ಕೆ ಸೂಜಿ. ಮರಿ ಮಾಡಿಸದವರು ಸಾಕಣೆ ಕೇಂದ್ರದಲ್ಲಿ ಲಸಿಕೆ ಮುಗಿದ, ಎರಡು ತಿಂಗಳ ಹತ್ತಿರದ ಕೋಳಿಗಳನ್ನೇ ಕೊಳ್ಳುತ್ತಾರೆ.

ನಮ್ಮೂರಲ್ಲಿ ಒಟ್ಟಿಗೆ ಸೇರುವುದು ಗೊತ್ತಿಲ್ಲವಾ? ಬೆಳಗ್ಗೆ ಸಂಜೆ ಡೇರಿ ಮುಂದೆ ಕ್ಯಾನು ಹಿಡಿದು ಊರೇ ನಿಲ್ಲುತ್ತದೆ. ಹಸುವಿಗೆ ಕಾಲುಬಾಯಿ ಜ್ವರದ ಲಸಿಕೆ ಅಂದರೆ ಯಾರೂ ತಪ್ಪಿಸುವುದಿಲ್ಲ. ಕೋಳಿ ಹೆಂಗಸರ ಪುಡಿಗಾಸಿನ ಬಾಬ್ತು. ಅದಕ್ಕೇ ಊರಿನ ಗಂಡಸರಿಗೆ ಅದು ಲೆಕ್ಕಕ್ಕಿಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ. ಅಮ್ಮ ಚೀಟಿ ಕಟ್ಟಿದ್ದು, ನಮಗೆ ನೋಟ್‌ಬುಕ್ಕು ತಂದದ್ದು ಮೊಟ್ಟೆ ಮಾರಿದ ದುಡ್ಡಲ್ಲಿ. ಗೂಡು ಖಾಲಿಯಾದರೆ ಖಾಲಿಯಾಗುವುದು ಅವರ ಸೆರಗಿನ ಗಂಟು. ಡೇರಿಯವರೇ ತಿಂಗಳಿಗೊಂದು ಸಂಜೆ ಗೊತ್ತು ಮಾಡಿದರೆ ನೂರು ಡೋಸು ಎರಡು ಬೀದಿಗೆ ಸಾಲದು.

ಇಲ್ಲಿಯದೆಲ್ಲ ಮೇಲು ಅಂತೇನೂ ಅಲ್ಲ, ಒಪ್ಪುತ್ತೇನೆ. 2014ರಲ್ಲಿ ಹಕ್ಕಿಜ್ವರ ಬಂದಾಗ ಇಲ್ಲೇ ಆಲಪ್ಪುಳದ ಕುಟ್ಟನಾಡಿನಲ್ಲಿ ಬಾತುಕೋಳಿಗಳನ್ನು ರಾಶಿ ಹಾಕಿ ಸುಟ್ಟರು. ಕೊಕ್ಕರೆ ರೋಗದ ಲಸಿಕೆ ಅದಕ್ಕೆ ನಡೆಯುವುದಿಲ್ಲ. ಚೇಚಿ ಕೊಂಡು ತಂದ ಕೋಳಿಗಳು ಮೊಟ್ಟೆ ಜಾಸ್ತಿ ಇಡುತ್ತವೆ, ಕಾವಿಗೆ ಮಾತ್ರ ಕೂರುವುದಿಲ್ಲ. ಅಮ್ಮನ ನಾಟಿ ಕೋಳಿ 21 ದಿನ ಮಂಕರಿ ಬಿಟ್ಟು ಏಳುತ್ತಿದ್ದುದೇ ಅಪರೂಪ. ಪಿಳ್ಳೆಗಳನ್ನು ತಿಪ್ಪೆಗೆ ಕರೆದೊಯ್ದು ಕೆದಕಿ ತೋರಿಸುತ್ತಿತ್ತು. ಹದ್ದಿನ ನೆರಳು ಬಿದ್ದರೆ ರೆಕ್ಕೆಯೊಳಗೆ ಎಳೆದುಕೊಳ್ಳುತ್ತಿತ್ತು. ಅಂಥ ಕೋಳಿ ಇಲ್ಲಿ ನನಗೆ ಕಂಡಿಲ್ಲ.

ಅಮ್ಮ ಈಗ ಚಿಕ್ಕಮ್ಮನ ಮನೆಯಿಂದ ಎರಡು ಹ್ಯಾಟೆ ತರಿಸುತ್ತಾರಂತೆ. ಅವು ಮರಿ ಮಾಡುವುದರೊಳಗೆ ಡೇರಿಯವರು ಒಂದು ತೀರ್ಮಾನಕ್ಕೆ ಬರಲಿ.