ಪರೀಕ್ಷೆ ಇಲ್ಲದವರಿಗೂ ಒಂದು ಕುರ್ಚಿ

ಕಲಬುರಗಿಯಲ್ಲಿ ಪುಕ್ಕಟೆ ಕಾರ್ಯಕ್ರಮಗಳಿಗೆ ಬರವಿಲ್ಲ. ಬೆಳಿಗ್ಗೆ ಪಬ್ಲಿಕ್ ಗಾರ್ಡನ್‌ಗೆ ಹೋದರೆ ಸುತ್ತು ಹಾಕುವವರು, ಯೋಗ ಮಾಡುವವರು ಸಿಗುತ್ತಾರೆ. ಶ್ರಾವಣ ಬಂದರೆ ತಿಂಗಳಿಡೀ ಪುರಾಣ, ಪ್ರವಚನ. ಅಮಾವಾಸ್ಯೆಗೆ ಭಜನೆ. ಉರುಸಿನ ಹೊತ್ತಿಗೆ ಕವ್ವಾಲಿ. ರಂಗಮಂದಿರದಲ್ಲಿ ಯಾರದಾದರೂ ಸನ್ಮಾನ ಇದ್ದೇ ಇರುತ್ತದೆ. ಎಲ್ಲೂ ಕಾಸು ಕೇಳುವುದಿಲ್ಲ, ಎಷ್ಟೋ ಕಡೆ ಊಟವನ್ನೂ ಹಾಕುತ್ತಾರೆ. ಹಾಗಾಗಿ 'ನಾನಿರುವ ಅಮೆರಿಕದ ಊರಲ್ಲಿ ಲೈಬ್ರರಿಯವರು ದೊಡ್ಡವರಿಗೆ ಯೋಗ, ಚಿತ್ರಕಲೆ ಎಲ್ಲ ಫ್ರೀ ಕಲಿಸುತ್ತಾರೆ' ಅಂತ ನಾನು ಹೇಳಿದರೆ ಊರಿನ ಗೆಳೆಯರು 'ಅದರಾಗೇನು ವಿಶೇಷ ಅದ?' ಎನ್ನುತ್ತಾರೆ. ಕೇಳುವುದು ಸರಿಯೇ. ನಾನು ಹೇಳಬೇಕೆಂದಿರುವುದು ದುಡ್ಡಿನ ವಿಷಯಕ್ಕಿಂತ ಜಾಗದ ವಿಷಯ. ಅದು ಯಾರ ಸೂರಿನಡಿ ನಡೆಯುತ್ತದೆ ಅನ್ನುವುದು.

ನಾನಿರುವುದು ಶಿಕಾಗೊ ನಗರದ ಹೊರಗಿನ ಒಂದು ಊರಲ್ಲಿ. ಇಲ್ಲಿನ ಲೈಬ್ರರಿ ತಿಂಗಳು ತಿಂಗಳು ಒಂದು ಪಟ್ಟಿ ಹೊರಡಿಸುತ್ತದೆ. ಮಕ್ಕಳಿಗೆ ಕಥೆ ಹೇಳುವ ಕಾರ್ಯಕ್ರಮ ಇದ್ದದ್ದೇ. ದೊಡ್ಡವರ ಪಟ್ಟಿಯೂ ಅಷ್ಟೇ ಉದ್ದ ಇರುತ್ತದೆ: ಕುರ್ಚಿ ಯೋಗ, ತಾಯ್ ಚಿ, ಧ್ಯಾನ, ಜಲವರ್ಣ, ಹೆಣಿಗೆ, ಹಾಡು. ಮರೆವಿನ ಕಾಯಿಲೆ ಇರುವವರು, ಅವರನ್ನು ನೋಡಿಕೊಳ್ಳುವವರು ಜೊತೆಗೆ ಕೂತು ಕಾಫಿ ಕುಡಿಯಲಿಕ್ಕೂ ಒಂದು ಕೂಟ ಇದೆ. ಲೈಬ್ರರಿ ಕಾರ್ಡ್ ಇದ್ದರೆ ಸಾಕು, ಎಷ್ಟೋ ಕಾರ್ಯಕ್ರಮಗಳಿಗೆ ಅದೂ ಬೇಡ.

ಕುರ್ಚಿ ಯೋಗವನ್ನು ನೀವು ನೋಡಬೇಕು. ಮಡಚುವ ಕುರ್ಚಿಗಳನ್ನು ದುಂಡಗೆ ಜೋಡಿಸಿರುತ್ತಾರೆ. ಜಾರದಿರಲಿ ಅಂತ ಕೆಳಗೆ ರಬ್ಬರ್ ಚಾಪೆ. ವಾಕರ್ ಹಿಡಿದು ಬರುವ ಅಜ್ಜಿಯೊಬ್ಬರು ಯಾವಾಗಲೂ ಬಾಗಿಲ ಪಕ್ಕದ ಕುರ್ಚಿಯನ್ನೇ ಹಿಡಿಯುತ್ತಾರೆ. ಪಾದ ಎರಡೂ ನೆಲಕ್ಕೂರಿ, ಬೆನ್ನನ್ನು ಕುರ್ಚಿಗೆ ತಾಗಿಸದೆ ಕೂರಬೇಕು. ಉಸಿರು ಎಳೆದುಕೊಳ್ಳುತ್ತಾ ಕೈ ಮೇಲೆ, ಬಿಡುತ್ತಾ ಕೆಳಗೆ. ಮೇಲೆ ಹೋಗದ ಕೈ ಭುಜದ ಮಟ್ಟದಲ್ಲೇ ನಿಂತರೂ ಯಾರೂ ಏನೂ ಅನ್ನುವುದಿಲ್ಲ. ಆಮೇಲೆ ಎದ್ದು, ಕುರ್ಚಿಯ ಬೆನ್ನು ಹಿಡಿದು, ಒಂದೊಂದೇ ಕಾಲು ಎತ್ತುವುದು. ವಯಸ್ಸಾದ ಮೇಲೆ ಬಿದ್ದು ಸೊಂಟದ ಎಲುಬು ಮುರಿದುಕೊಂಡವರ ಪಾಡು ಗೊತ್ತಲ್ವಾ? ತಾಯ್ ಚಿಯಂಥ ನಿಧಾನದ ವ್ಯಾಯಾಮದಿಂದ ಬೀಳುವುದು ಕಮ್ಮಿಯಾಗುತ್ತದೆ ಅಂತ ಡಾಕ್ಟರುಗಳೇ ಹೇಳುತ್ತಾರೆ. ಇನ್ನು ಯೋಗ ಹೇಳಿಕೊಡುವ ಹುಡುಗಿ ಆಸನಗಳ ಹೆಸರನ್ನು ಎಷ್ಟು ಧೈರ್ಯವಾಗಿ ತಪ್ಪು ಉಚ್ಚರಿಸುತ್ತಾಳೆ ಅಂದರೆ, ತಿದ್ದುವ ಮನಸ್ಸು ನನಗೆ ಇದುವರೆಗೂ ಬಂದಿಲ್ಲ.

ಜಲವರ್ಣದ ದಿನ ಕಾಗದ, ಕುಂಚ, ಬಣ್ಣ ಎಲ್ಲ ಲೈಬ್ರರಿಯದೇ. ಕಲಿಸುವ ಕಲಾವಿದರ ಸಂಭಾವನೆಯೂ ಲೈಬ್ರರಿಯದೇ.

ದುಡ್ಡು ಎಲ್ಲಿಂದ ಬರುತ್ತದೆ? ಮನೆ ತೆರಿಗೆಯಿಂದ. ಇಲ್ಲಿನ ತೆರಿಗೆ ಬಿಲ್ಲಿನಲ್ಲಿ ಶಾಲೆಗೆ ಇಷ್ಟು, ಲೈಬ್ರರಿಗೆ ಇಷ್ಟು ಅಂತ ಬೇರೆ ಬೇರೆ ಸಾಲು ಇರುತ್ತದೆ. ಶಿಕಾಗೊ ಇರುವ ಇಲಿನಾಯ್ ರಾಜ್ಯದಲ್ಲಿ ಲೈಬ್ರರಿ ಡಿಸ್ಟ್ರಿಕ್ಟ್ ಅಂತ ಲೈಬ್ರರಿಗಾಗಿಯೇ ಒಂದು ಸ್ಥಳೀಯ ಸಂಸ್ಥೆ ಇದೆ, ಅದನ್ನು ನಡೆಸುವ ಏಳು ಜನ ಟ್ರಸ್ಟಿಗಳನ್ನು ಊರವರು ಓಟು ಹಾಕಿ ಆರಿಸುತ್ತಾರೆ. ಅವರ ಸಭೆಗೆ ಹೋಗಿ ಯಾರು ಬೇಕಾದರೂ ಎದ್ದು ಮಾತಾಡಬಹುದು. ಇದು ಹಳೆಯ ಪದ್ಧತಿ. 1833ರಲ್ಲೇ ನ್ಯೂ ಹ್ಯಾಂಪ್‌ಶೈರ್‌ನ ಪೀಟರ್‌ಬರೋ ಎಂಬ ಸಣ್ಣ ಊರು ತೆರಿಗೆ ದುಡ್ಡಿನಲ್ಲಿ ಲೈಬ್ರರಿ ತೆರೆದಿತ್ತು. ಉಕ್ಕಿನ ಸಾಹುಕಾರ ಆಂಡ್ರ್ಯೂ ಕಾರ್ನೆಗಿ ಅಮೆರಿಕದಲ್ಲಿ 1,600ಕ್ಕೂ ಹೆಚ್ಚು ಲೈಬ್ರರಿ ಕಟ್ಟಡಗಳಿಗೆ ಹಣ ಕೊಟ್ಟ. ಆದರೆ ಕಟ್ಟಡಕ್ಕೆ ಮಾತ್ರ. ವರ್ಷ ವರ್ಷದ ಖರ್ಚನ್ನು ಊರವರೇ ನೋಡಿಕೊಳ್ಳಬೇಕು ಅಂತ ಷರತ್ತು ಹಾಕಿದ್ದ. ಜಾಣ ಸಾಹುಕಾರ. ಕೈಯಿಂದ ದುಡ್ಡು ಹೋದರೆ ತಾನೇ ಜನ 'ನಮ್ಮದು' ಅನ್ನುವುದು!

ಇಷ್ಟು ಹೊಗಳಿದ ಮೇಲೆ ಬೇಜಾರಿನ ಸಂಗತಿಯನ್ನೂ ಹೇಳುತ್ತೇನೆ. ಈ ತರಗತಿಗಳಲ್ಲಿ ಎಷ್ಟು ದಿನ ಜೊತೆಗೆ ಕೂತರೂ ಪಕ್ಕದವರಿಗೆ ನಾನು ಎದೆಯ ಮೇಲೆ ಅಂಟಿಸಿದ ಚೀಟಿಯಲ್ಲಿನ ಹೆಸರು, ಅಷ್ಟೇ. ಹೊತ್ತು ಮುಗಿದ ಕೂಡಲೇ ಕುರ್ಚಿ ಮಡಚಿ, ಒಂದು ನಗು ನಕ್ಕು, ಕಾರು ಹತ್ತುತ್ತಾರೆ. ಜಾಸ್ತಿ ಕಾರ್ಯಕ್ರಮ ಹಗಲು ಹೊತ್ತಿನಲ್ಲಿ, ಹಾಗಾಗಿ ಅಂಗಡಿಯಲ್ಲಿ ನಿಂತು ದುಡಿಯುವವರು ಅಪರೂಪ. ನಮ್ಮೂರಲ್ಲಾದರೆ ಎರಡನೇ ದಿನಕ್ಕೇ ಯಾರಾದರೂ ಡಬ್ಬಿ ಬಿಚ್ಚಿ 'ತಗೋರಿ, ಶೇಂಗಾ ಹಿಂಡಿ ಅದ' ಅಂತಿದ್ದರು.

ಆದರೆ ಶೇಂಗಾ ಹಿಂಡಿಗಿಂತ ಮೊದಲು ಒಂದು ಪ್ರಶ್ನೆ ಬರುತ್ತಿತ್ತು. 'ಯಾವೂರ್ರಿ ನಿಮ್ದು? ಯಾರ ಪೈಕಿ?'

ಅದರಲ್ಲಿ ಕೆಟ್ಟದ್ದೇನಿದೆ ಅಂತ ನಾವು ಕೇಳುತ್ತೇವೆ. ಅಳುಕದೆ ಉತ್ತರ ಕೊಡಬಲ್ಲವರು ಮಾತ್ರ ಹಾಗೆ ಕೇಳಲು ಸಾಧ್ಯ. ಶರಣಬಸವೇಶ್ವರರ ಜಾತ್ರೆಗೂ ಬಂದೇ ನವಾಜರ ಉರುಸಿಗೂ ಎಲ್ಲರೂ ಹೋಗುವ ಊರು ನಮ್ಮದು, ಅದು ನಿಜ. ಜಾತ್ರೆಗೆ ಹೋಗಿ ಕಾಯಿ ಒಡೆಸಿಕೊಂಡು ಬರುವುದು ಬೇರೆ, ವಾರ ವಾರ ಒಂದೇ ಜಾಗಕ್ಕೆ ಹೋಗಿ, ಕೂತು, ಮೈ ಬಗ್ಗಿಸಿ, ಕುಂಚ ಹಿಡಿದು, ತಪ್ಪು ಮಾಡಿ ನಗುವುದು ಬೇರೆ. ಅಷ್ಟು ಸಲಿಗೆ ಬರಬೇಕಾದರೆ ಆ ಜಾಗ ತನ್ನದು ಅನ್ನಿಸಬೇಕು. ಮಠಕ್ಕೆ ಭಕ್ತರಿದ್ದಾರೆ. ಸಮಾಜದ ಭವನಕ್ಕೆ ಆ ಸಮಾಜದವರಿದ್ದಾರೆ. ಮಹಿಳಾ ಮಂಡಳಕ್ಕೆ ಸೇರಲು ಯಾರಾದರೂ ಕರೆದುಕೊಂಡು ಹೋಗಬೇಕು. ಗಾರ್ಡನ್ನಿನಲ್ಲಿ ಹೋಗಿಬರುವವರ ಎದುರು ಚಾಪೆ ಹಾಸಿ ಮಲಗಲು ಎಷ್ಟು ಹೆಂಗಸರು ಒಪ್ಪುತ್ತಾರೆ? ಇಡೀ ಊರಲ್ಲಿ ಯಾರ ಪೈಕಿ ಅಂತ ಕೇಳದೆ ಕೂರಿಸಿಕೊಳ್ಳಬೇಕಾದ ಕಟ್ಟಡ ಅಂದರೆ ಸಾರ್ವಜನಿಕ ಗ್ರಂಥಾಲಯ ಒಂದೇ.

ಅಲ್ಲಿ ಈಗ ಯಾರು ಕೂತಿದ್ದಾರೆ? ಮುಂಜಾನೆ ಪೇಪರ್ ಓದುವ ನಿವೃತ್ತರು, ಅವರೂ ಬಹುಪಾಲು ಗಂಡಸರು. ಆಮೇಲೆ ದಿನಪೂರ್ತಿ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ಜೇವರ್ಗಿ, ಚಿಂಚೋಳಿ, ಅಫಜಲಪುರ, ಅತ್ತ ಶಹಾಪುರದ ಹಳ್ಳಿಗಳಿಂದ ಬಂದು ಬಾಡಿಗೆ ರೂಮಿನಲ್ಲಿದ್ದುಕೊಂಡು ಪಿಎಸ್‌ಐ, ಪಿಡಿಒ, ಎಫ್‌ಡಿಎಗೆ ತಯಾರಾಗುವವರು. ಸಂವಿಧಾನದ 371(ಜೆ) ಕಲಂ ಬಂದು ಈ ಭಾಗದವರಿಗೆ ಸರ್ಕಾರಿ ಕೆಲಸದಲ್ಲಿ ಮೀಸಲಾತಿ ಸಿಕ್ಕ ಮೇಲೆ ನೌಕರಿಯ ಆಸೆ ಇನ್ನೂ ಗಟ್ಟಿಯಾಗಿದೆ. ಪುಸ್ತಕ ಅವರದ್ದೇ, ಗೈಡ್ ಅವರದ್ದೇ, ನೀರಿನ ಬಾಟಲಿಯೂ ಅವರದ್ದೇ. ಲೈಬ್ರರಿಯಿಂದ ಅವರಿಗೆ ಬೇಕಾಗಿರುವುದು ಒಂದು ಫ್ಯಾನು, ಒಂದು ಕುರ್ಚಿ.

ನಮ್ಮ ವೈನಿಗೆ, ಅಂದರೆ ಅತ್ತಿಗೆಗೆ, ಐವತ್ತು ದಾಟಿದೆ. ಮನೆಯಿಂದ ನಡೆದುಹೋಗುವಷ್ಟು ಹತ್ತಿರ ಒಂದು ಶಾಖಾ ಗ್ರಂಥಾಲಯ ಇದೆ. ಒಮ್ಮೆಯೂ ಒಳಗೆ ಹೋದವರಲ್ಲ. ಯಾಕೆ ಅಂತ ಕೇಳಿದೆ. 'ನಂದೇನ್ ಪರೀಕ್ಷಾ ಅದ ಅಂತ ಅಲ್ಲಿಗಿ ಹೋಗ್ಲೋ ತಮ್ಮಾ?' ಅಂದರು.

ಇದೇ ವೈನಿ ಕೌದಿ ಹೊಲಿಯಲು ಕೂತರೆ ನೋಡುತ್ತಲೇ ಇರಬೇಕು. ಉಟ್ಟು ಉಟ್ಟು ಮೆತ್ತಗಾದ ಸೀರೆ, ಹಳೆ ಧೋತರ, ಮೊಮ್ಮಕ್ಕಳ ಅಂಗಿ ತುಂಡು, ಎಲ್ಲ ಪದರ ಪದರವಾಗಿ ಹಾಸುತ್ತಾರೆ. ಸುಕ್ಕು ತೆಗೆಯಲು ಅಂಗೈಯಿಂದ ಒತ್ತಿ ಒತ್ತಿ ಸವರುತ್ತಾರೆ. ಎದುರಿನ ಅಂಚಿಗೆ ಪಕ್ಕದ ಮನೆಯವರು. ಅಳತೆ ಪಟ್ಟಿ ಇಲ್ಲ, ಗೆರೆ ಎಳೆಯುವುದಿಲ್ಲ, ಆದರೂ ಹೊಲಿಗೆ ಸಾಲು ಸಾಲು ನೆಟ್ಟಗೆ ಹೋಗುತ್ತದೆ. ಶಿಕಾಗೊ ಕಡೆಯ ಲೈಬ್ರರಿಗಳಲ್ಲಿ ಕ್ವಿಲ್ಟ್ ಗುಂಪು ಅಂತ ನಡೆಯುವುದೂ ಇದೇ ಕೆಲಸ. ಅವರು ಅಂಗಡಿಯಿಂದ ಹೊಸ ಬಟ್ಟೆ ಕೊಂಡು, ಅದನ್ನು ಚೌಕ ಚೌಕವಾಗಿ ಕತ್ತರಿಸಿಕೊಂಡು ಬರುತ್ತಾರೆ. ಹೊಸ ಬಟ್ಟೆ ಕತ್ತರಿಸುವುದನ್ನು ನಮ್ಮ ವೈನಿ ನೋಡಿದರೆ ಬೈಯುವುದು ಗ್ಯಾರಂಟಿ. ಮಾತು ಅದಲ್ಲ. ಅಲ್ಲಿ ಆ ಹೆಂಗಸರಿಗೆ ಲೈಬ್ರರಿ ಒಂದು ದೊಡ್ಡ ಮೇಜು, ಒಳ್ಳೆ ಬೆಳಕು ಕೊಟ್ಟು, ಗೋಡೆ ಮೇಲೆ ಅವರ ಕೆಲಸ ತೂಗುಹಾಕುತ್ತದೆ. ವೈನಿಯ ಕೌದಿ ಮನೆಯ ಟ್ರಂಕಿನಲ್ಲಿದೆ.

ಕಲಿಸುವವರಿಗೆ ನಮ್ಮಲ್ಲೇನು ಕೊರತೆ? ಬೊಂಬಾಯಿಗೆ ಹೋಗಿ ಸಿನಿಮಾ ಪೋಸ್ಟರು, ಕ್ಯಾಲೆಂಡರ್ ಚಿತ್ರಗಳಲ್ಲಿ ದೇಶಕ್ಕೇ ಹೆಸರಾದ ಎಸ್.ಎಂ. ಪಂಡಿತರ ಊರು ಇದು. ಚಿತ್ರಕಲಾವಿದ ಜೆ.ಎಸ್. ಖಂಡೇರಾವ್ ಕಲಿಸಿದ ಊರು. ಇಲ್ಲಿ ಚಿತ್ರಕಲೆ ಓದಿಕೊಂಡು, ಕೆಲಸ ಸಿಗದೆ ಬೋರ್ಡು ಬರೆಯುವ ಹುಡುಗರಿದ್ದಾರೆ. ಹಳ್ಳಿಗಳ ಕಡೆ ಹೋದರೆ ಏಕತಾರಿ ಹಿಡಿದು ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುವವರು ಇನ್ನೂ ಇದ್ದಾರೆ. ಬೀದರಿನಲ್ಲಿ ಬಿದರಿ ಕುಸುರಿಯವರು. ಇವರಿಗೆಲ್ಲ ವರ್ಷಕ್ಕೊಮ್ಮೆ ಉತ್ಸವದ ವೇದಿಕೆ, ಶಾಲು, ಹಾರ. ಅದರ ಬದಲು ತಿಂಗಳಿಗೆ ನಾಲ್ಕು ತರಗತಿ ಕೊಟ್ಟು, ಕೈಗೆ ಸಂಬಳ ಕೊಟ್ಟರೆ ಹೇಗೆ? ಶಾಲು ಎಷ್ಟು ಅಂತ ಹೊದ್ದುಕೊಳ್ಳುವುದು, ಅದೂ ಕಲಬುರಗಿಯ ಬಿಸಿಲಲ್ಲಿ.

ದುಡ್ಡಿಲ್ಲ ಅನ್ನುವ ಹಾಗೂ ಇಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯದ ಸೆಸ್ ಇದೆ. ತೆರಿಗೆಯ 6% ಅದು. ಶಿಕಾಗೊ ಕಡೆ ನಾನು ಕಟ್ಟುವುದೂ, ಕಲಬುರಗಿಯ ಬ್ರಹ್ಮಪುರದಲ್ಲಿ ನಮ್ಮ ಅಣ್ಣ ಕಟ್ಟುವುದೂ ಒಂದೇ ಉದ್ದೇಶಕ್ಕೆ. ಅಣ್ಣನಿಗೆ ಅದು ಗೊತ್ತೇ ಇರಲಿಲ್ಲ. ರಸೀದಿ ತೆಗೆದು ತೋರಿಸಿದ ಮೇಲೆ 'ಹೌದಲೇ!' ಅಂದ. ಸೆಸ್ ವಸೂಲಾದರೂ ಪೂರ್ತಿ ದುಡ್ಡು ಲೈಬ್ರರಿಗಳ ತನಕ ಬರುವುದಿಲ್ಲ ಅನ್ನುವ ದೂರು ರಾಜ್ಯದಲ್ಲಿ ಹಳೆಯದು. ಲೈಬ್ರರಿಗೆ ಹೋಗುವವರೇ ಕಮ್ಮಿ ಇದ್ದರೆ ಆ ದುಡ್ಡು ಎಲ್ಲಿ ಅಂತ ಕೇಳುವವರು ಯಾರು?

ಇದಕ್ಕೆ ಬರುವ ಒಂದು ಆಕ್ಷೇಪ ನನಗೂ ಒಪ್ಪಿಗೆ. ಪರೀಕ್ಷೆಗೆ ಓದುವವರಿಗೇ ಜಾಗ ಸಾಲುತ್ತಿಲ್ಲ, ಅಂಥದ್ದರಲ್ಲಿ ನಿಮ್ಮ ಯೋಗ, ಕುಂಚ ಯಾಕೆ? ನಿಜ. ಆ ಹುಡುಗಿಯರ ಒಂದು ಕುರ್ಚಿಯನ್ನೂ ಕಿತ್ತುಕೊಳ್ಳಬಾರದು. ನೌಕರಿ ಸಿಗದೆ ಊರಿಗೆ ಮರಳಿದರೆ ಅವರಿಗೆ ಕಾದಿರುವುದು ಮದುವೆ. ಕೇಂದ್ರ ಗ್ರಂಥಾಲಯವನ್ನು ಅವರಿಗೇ ಬಿಡೋಣ. ಬಡಾವಣೆಯ ಶಾಖೆಗಳನ್ನು ನೋಡಿ. ಊಟದ ಹೊತ್ತು ಕಳೆದ ಮೇಲೆ ನಾನು ಕಂಡ ಶಾಖೆಯಲ್ಲಿ ಫ್ಯಾನು ಇಬ್ಬರಿಗಾಗಿ ತಿರುಗುತ್ತಿತ್ತು. ಹಳ್ಳಿಗಳಲ್ಲಿ ಇನ್ನೂ ಸಲೀಸು. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು, ಈಗ ಅವಕ್ಕೆ ಅರಿವು ಕೇಂದ್ರ ಅನ್ನುತ್ತಾರೆ. 2020ರಲ್ಲಿ 'ಓದುವ ಬೆಳಕು' ಶುರುವಾಗಿ ಮಕ್ಕಳು ಬರತೊಡಗಿದರು. ಮಕ್ಕಳನ್ನು ಕರೆತರಲು ಸಾಧ್ಯವಾದ ಕಡೆ ಅವರ ಅವ್ವಂದಿರನ್ನೂ ಕರೆಯಬಹುದು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ 52%ಕ್ಕೂ ಕಮ್ಮಿ ಇತ್ತು. ಅಕ್ಷರ ಬಾರದವರು ಪುಸ್ತಕಕ್ಕಾಗಿ ಲೈಬ್ರರಿಗೆ ಬರುವುದಿಲ್ಲ. ಹಾಡಿಗೆ ಬರುತ್ತಾರೆ, ಹೊಲಿಗೆಗೆ ಬರುತ್ತಾರೆ, ಮೊಣಕಾಲು ನೋವಿಗೆ ವ್ಯಾಯಾಮ ಹೇಳಿಕೊಡುತ್ತಾರೆ ಅಂದರೆ ಖಂಡಿತ ಬರುತ್ತಾರೆ.

ಇದನ್ನೆಲ್ಲ ಫೋನಿನಲ್ಲಿ ವೈನಿಗೆ ಹೇಳಿದೆ. ಕುರ್ಚಿ ಮೇಲೆ ಕೂತು ಯೋಗ ಅಂದಾಗ ಬಿದ್ದು ಬಿದ್ದು ನಕ್ಕರು. ಆಮೇಲೆ ಎಷ್ಟು ಹೊತ್ತಿಗೆ ಅಂತ ಕೇಳಿದರು. ಬೆಳಿಗ್ಗೆ ಅಂದರೆ ರೊಟ್ಟಿ ಯಾರು ಬಡಿಯಬೇಕು, ಸಂಜೆ ಅಂದರೆ ಹುಡುಗರು ಮನೆಗೆ ಬರುವ ಹೊತ್ತು. 'ಮೂರರ ಮ್ಯಾಲ ಇಟ್ಟರ ಬರ್ತೀನಿ. ಆದ್ರ ನಳ ಬರೋ ದಿನ ಬ್ಯಾಡ ನೋಡು.' ನಳದ ದಿನ ಒಂದೊಂದು ಬಡಾವಣೆಗೆ ಒಂದೊಂದು. ಹಾಗಾಗಿ ಕಾರ್ಯಕ್ರಮದ ಪಟ್ಟಿಯನ್ನು ಬೆಂಗಳೂರಿನಲ್ಲಿ ಕೂತು ಮಾಡಲು ಬರುವುದಿಲ್ಲ, ಆಯಾ ಶಾಖೆಯವರೇ ಓಣಿಯ ಹೆಂಗಸರನ್ನು ಕೇಳಿ ಮಾಡಬೇಕು.