ಎಲ್‌ಕೆಜಿಯಲ್ಲಿ ಭಾರಿ ಹಿಮಪಾತ

ಡಿಸೆಂಬರ್ ಬಂತು, ಬೆಂಗಳೂರಿನ ಪ್ಲೇಹೋಮುಗಳಲ್ಲಿ ಹಿಮ ಬೀಳತೊಡಗಿದೆ. ಹವಾಮಾನ ಇಲಾಖೆಯವರಿಗೆ ಇದರ ಸುಳಿವೇ ಇಲ್ಲ, ಪಾಪ. ಅವರಿನ್ನೂ ಕನಿಷ್ಠ ಉಷ್ಣಾಂಶ 15, 16 ಡಿಗ್ರಿ ಅಂತ ಬರೆದುಕೊಂಡು ಕೂತಿದ್ದಾರೆ. ಈ ಊರು ಕಂಡ ಅತಿ ಹೆಚ್ಚು ಚಳಿ 1884ರ ಜನವರಿ 13ರದ್ದು, 7.8 ಡಿಗ್ರಿ. ಅವತ್ತೂ ಹಿಮ ಬೀಳಲಿಲ್ಲ. ಬೀಳುವುದಾದರೂ ಹೇಗೆ, ಆಗ ಎಲ್‌ಕೆಜಿ ಇರಲಿಲ್ಲವಲ್ಲ.

ಸುತ್ತೋಲೆ ನಿಮಗೂ ಬಂದಿರುತ್ತದೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ, ರಾತ್ರಿ ಒಂಬತ್ತರ ಮೇಲೆ. ನಾಳೆ ‘ವಿಂಟರ್ ವಂಡರ್‌ಲ್ಯಾಂಡ್’. ಮಕ್ಕಳು ಬಿಳಿ ಬಟ್ಟೆಯಲ್ಲಿ ಬರಬೇಕು. ಜೊತೆಗೆ ಹತ್ತಿ, ಐಸ್‌ಕ್ರೀಂ ಕಡ್ಡಿ, ಅಂಟಿಸುವ ಪ್ಲಾಸ್ಟಿಕ್ ಕಣ್ಣು, ಪೈನ್ ಮರದ ಕಾಯಿ ಎರಡು, ಟಾಯ್ಲೆಟ್ ಪೇಪರ್ ಮುಗಿದ ಮೇಲೆ ಉಳಿಯುವ ರಟ್ಟಿನ ಕೊಳವೆ ಎರಡು. ಕೆಳಗೆ ಕೈಮುಗಿದ ಚಿತ್ರ.

ಈ ರಟ್ಟಿನ ಕೊಳವೆಯ ಹತ್ತಿರ ಸ್ವಲ್ಪ ನಿಲ್ಲೋಣ. ಚೊಂಬು, ಆಮೇಲೆ ಮಗ್ಗು, ಆಮೇಲೆ ಗೋಡೆಗೆ ನೇತುಹಾಕಿದ ಪೈಪು ಎಂದು ಹಂತಹಂತವಾಗಿ ಮೇಲೇರಿದ ನಾಗರಿಕತೆ ನಮ್ಮದು. ಆ ಪೇಪರ್ ಸುರುಳಿ ನಮ್ಮ ಮನೆಗಳಲ್ಲಿ ಮುಗಿಯುವುದು ಯಾವ ಕಾಲಕ್ಕೆ? ಆದರೆ ಚಟುವಟಿಕೆಯ ಉದ್ದೇಶ ‘ಮನೆಯಲ್ಲಿ ಬಿಸಾಡುವ ವಸ್ತುಗಳಿಂದ ಕಲೆ’. ಹಾಗಾಗಿ ಬಿಸಾಡುವ ವಸ್ತುವನ್ನು ಮೊದಲು ದುಡ್ಡು ಕೊಟ್ಟು ತರಿಸಬೇಕು. ಹತ್ತು ನಿಮಿಷಕ್ಕೆ ಸಾಮಾನು ತಂದುಕೊಡುವ ಹುಡುಗ ರಾತ್ರಿ ಹತ್ತೂವರೆಗೆ ಬೆಲ್ ಮಾಡಿ ಎರಡು ಸುರುಳಿ ಕೊಟ್ಟು ಹೋಗುತ್ತಾನೆ. ಗಂಡ ಹೆಂಡತಿ ಎದುರುಬದುರು ಕೂತು ಬಿಚ್ಚುತ್ತಾರೆ, ಬಿಚ್ಚುತ್ತಾರೆ, ಮುಗಿಯುವುದೇ ಇಲ್ಲ. ನಡುಮನೆ ತುಂಬ ಬಿಳೀ ರಾಶಿ. ಅಷ್ಟಕ್ಕೇ ಬಿಟ್ಟಿದ್ದರೆ ಮಗು ಅದರಲ್ಲಿ ಬಿದ್ದು ಹೊರಳಾಡಿ, ತಲೆ ಮೇಲೆ ಸುರಿದುಕೊಂಡು, ಕೇಕೆ ಹಾಕಿ ನಗುತ್ತಿತ್ತು. ಆದರೆ ಅದನ್ನು ಒಂಬತ್ತೂವರೆಗೇ ಬೈದು ಮಲಗಿಸಿ ಆಗಿದೆ. ನಾಳೆ ಅದಕ್ಕೆ ಚಟುವಟಿಕೆ ಇದೆ.

ಯಾರೂ ಬಳಸದ, ಪೇಪರನ್ನೇ ಸುತ್ತದ, ಹುಟ್ಟಾ ಖಾಲಿ ಕೊಳವೆಗಳೂ ಈಗ ಆನ್‌ಲೈನಿನಲ್ಲಿ ಸಿಗುತ್ತವೆ. ಕಸವನ್ನು ಹೊಸದಾಗಿ ತಯಾರಿಸಿ ಮಾರುವ ಮಟ್ಟಕ್ಕೆ ಬಂದಿದ್ದೇವೆ ಅಂದರೆ ದೇಶ ಮುಂದುವರಿದಿಲ್ಲ ಎನ್ನುವವರ ಬಾಯಿಗೆ ಇದನ್ನೇ ತುರುಕಬೇಕು.

ಪೈನ್ ಕಾಯಿಯದೂ ಇದೇ ಹಾಡು. ಪಾರ್ಕಿನ ಗಾಳಿಮರದ ಬುಡದಲ್ಲಿ ಪುಟ್ಟ ಪುಟ್ಟ ಮುಳ್ಳುಕಾಯಿಗಳು ಬೊಗಸೆಗಟ್ಟಲೆ ಬಿದ್ದಿರುತ್ತವೆ. ಮೂರು ವರ್ಷದ ಕೈಗೆ ಹೇಳಿ ಮಾಡಿಸಿದ ಅಳತೆ. ತಗೊಂಡು ಹೋಗಿ ನೋಡಿ. ‘ಇದು ಪೈನ್ ಅಲ್ಲ ಸರ್’ ಅಂತ ವಾಪಸ್ ಬರುತ್ತದೆ.

ಹಿಮಕ್ಕೆ ಹತ್ತಿ ಸಾಲದೇ ಹೋದರೆ ಥರ್ಮೋಕೋಲ್ ಇದೆ. ಅಲಂಕಾರದ ಥರ್ಮೋಕೋಲನ್ನು ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ಇಡೀ ದೇಶದಲ್ಲಿ ನಿಷೇಧಿಸಿದೆ ಎನ್ನುವುದು ನಿಮಗೂ ಗೊತ್ತು, ನನಗೂ ಗೊತ್ತು, ಸ್ಟೇಷನರಿ ಅಂಗಡಿಯವನಿಗಂತೂ ಬಾಯಿಪಾಠ. ‘ಇಲ್ಲ ಸರ್, ಬ್ಯಾನ್ ಆಗಿದೆ’ ಅನ್ನುತ್ತಾನೆ. ‘ಸ್ಕೂಲ್ ಪ್ರಾಜೆಕ್ಟಿಗಪ್ಪಾ’ ಅನ್ನಿ, ಕೌಂಟರಿನ ಅಡಿಯಿಂದ ಬರುತ್ತದೆ. ಜೂನ್ 5ರಂದು ಇದೇ ಮಕ್ಕಳಿಗೆ ಹಸಿರು ಬಟ್ಟೆ ಹಾಕಿಸಿ, ‘ಪ್ಲಾಸ್ಟಿಕ್ ಬೇಡ’ ಎಂಬ ಬೋರ್ಡು ಹಿಡಿಸಿ ಫೋಟೋ ತೆಗೆದಿದ್ದರು. ಆ ಬೋರ್ಡೂ ಥರ್ಮೋಕೋಲಿನದೇ ಇದ್ದಿರಬೇಕು, ನಾನು ಮುಟ್ಟಿ ನೋಡಲಿಲ್ಲ. ಇನ್ನು ಗ್ಲಿಟರ್. ಡಬ್ಬಿಯಿಂದ ಉದುರಿಸುವ ಪ್ಲಾಸ್ಟಿಕ್ ಗ್ಲಿಟರನ್ನು ಐರೋಪ್ಯ ಒಕ್ಕೂಟ 2023ರ ಅಕ್ಟೋಬರಿನಲ್ಲೇ ಮಾರುಕಟ್ಟೆಯಿಂದ ಹೊರಗೆ ಹಾಕಿತು. ನಿಜವಾಗಿ ಹಿಮ ಬೀಳುವ ಊರಿನವರು ಬೇಡ ಅಂದದ್ದನ್ನು, ಬೀಳದ ಊರಿನವರು ಹಿಮದ ಮೇಲೆ ಉದುರಿಸುತ್ತಿದ್ದೇವೆ. ಶಿವರಾತ್ರಿಯವರೆಗೂ ಮಗುವಿನ ಕಿವಿಯಲ್ಲಿ ಮಿಣಮಿಣ.

ಹಿಮದ ಹರಳಿಗೆ ಯಾಕೆ ಯಾವಾಗಲೂ ಆರೇ ಮೂಲೆ ಎಂದು ತಲೆ ಕೆಡಿಸಿಕೊಂಡು ಕೆಪ್ಲರ್ ಎಂಬ ಖಗೋಳಜ್ಞ 1611ರಲ್ಲಿ ಒಂದು ಪುಟ್ಟ ಪುಸ್ತಿಕೆಯನ್ನೇ ಬರೆದ. ನಮ್ಮ ಎಲ್‌ಕೆಜಿ ಹಿಮಕ್ಕೆ ಎಂಟು ಮೂಲೆ. ಚೌಕ ಕಾಗದವನ್ನು ಅರ್ಧ, ಮತ್ತೆ ಅರ್ಧ, ಆಮೇಲೆ ಮೂಲೆಗೆ ಮೂಲೆ ಮಡಿಸಿ ಕತ್ತರಿಸಿದರೆ ಇನ್ನೇನು ಬಂದೀತು? ಗುಂಪಿನಲ್ಲಿ ಒಬ್ಬ ಎಂಜಿನಿಯರ್ ಅಪ್ಪ ಇದ್ದೇ ಇರುತ್ತಾನೆ. ರಾತ್ರಿ ಹನ್ನೊಂದಕ್ಕೆ ಕೋನಮಾಪಕದ ಚಿತ್ರ ಹಾಕಿ ‘60 ಡಿಗ್ರಿಗೆ ಮಡಿಸಿ’ ಅನ್ನುತ್ತಾನೆ. ಹದಿನಾಲ್ಕು ಜನ ಹೆಬ್ಬೆರಳು ಎತ್ತುತ್ತಾರೆ. ಯಾರೂ ಮಡಿಸುವುದಿಲ್ಲ.

ಈ ಹಿಮದ ನಡುವೆ ಸಾಂತಾ ಬೇರೆ. ಮೂಲದಲ್ಲಿ ಆತ ಮೈರಾದ ಬಿಷಪ್ ನಿಕೋಲಸ್. ಮೈರಾ ಇರುವುದು ಈಗಿನ ಟರ್ಕಿಯ ದಕ್ಷಿಣ ಕರಾವಳಿಯಲ್ಲಿ, ಒಳ್ಳೇ ಬಿಸಿಲಿನ ಜಾಗ. ಆ ಪುಣ್ಯಾತ್ಮ ಹಿಮಸಾರಂಗ ಸಾಕಿರಲಿಕ್ಕಿಲ್ಲ. ಮಗುವಿನ ಅಂಗೈಗೆ ಕಂದು ಬಣ್ಣ ಬಳಿದು, ಹಾಳೆಯ ಮೇಲೆ ಒತ್ತಿ, ಅದೇ ಹಿಮಸಾರಂಗದ ಕೊಂಬು ಎನ್ನುತ್ತಾರೆ. ಮಗುವನ್ನು ಕೇಳಿದರೆ ‘ಹಸು’ ಅನ್ನುತ್ತದೆ. ಹಸು ಅಂದದ್ದಕ್ಕೂ ಇವತ್ತಿನ ದಿನ ಎರಡು ಪಕ್ಷದವರು ಟಿವಿಯಲ್ಲಿ ಕೂರಬಹುದು ಅನ್ನಿ. ಮಧ್ಯಪ್ರದೇಶದ ಶಾಜಾಪುರದಲ್ಲಿ 2023ರ ಡಿಸೆಂಬರಿನಲ್ಲಿ, ತಂದೆತಾಯಿಯ ಲಿಖಿತ ಒಪ್ಪಿಗೆ ಇಲ್ಲದೆ ಮಕ್ಕಳಿಗೆ ಸಾಂತಾ ವೇಷ ಹಾಕಿಸಬಾರದೆಂದು ಶಿಕ್ಷಣಾಧಿಕಾರಿಯ ಆದೇಶವೇ ಬಂದಿತ್ತು. ಹತ್ತಿಯ ಗಡ್ಡ ಮೂಗಿಗೆ ಹೋಗಿ ಸೀನುವವನ ಒಪ್ಪಿಗೆಯನ್ನು ಮಾತ್ರ ಯಾವ ಪಕ್ಷವೂ ಕೇಳಿದ್ದು ಕಾಣೆ.

2020ರ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗೆ ಆಟ, ಚಟುವಟಿಕೆಗಳ ಮೂಲಕವೇ ಕಲಿಸಬೇಕು ಎಂದಿತು. ಶಾಲೆಗಳು ಅದನ್ನು ಚೌಕಟ್ಟು ಹಾಕಿಸಿ ಗೋಡೆಗೆ ಹೊಡೆದಿವೆ. ಯಾರ ಚಟುವಟಿಕೆ ಎಂದು ನೀತಿ ಬಿಡಿಸಿ ಬರೆಯಲಿಲ್ಲ, ತಪ್ಪು ಅಲ್ಲಾಯಿತು.

ತಮಾಷೆ ಸಾಕು. ನಾಲ್ಕು ವರ್ಷದ ಮಗುವಿಗೆ ಅಂಟು ಕೊಟ್ಟರೆ ಅದು ಮೊದಲು ಬೆರಳಿಗೆ ಬಳಿದುಕೊಳ್ಳುತ್ತದೆ, ಒಣಗುವವರೆಗೆ ಕಾಯುತ್ತದೆ, ಆಮೇಲೆ ಪೊರೆ ಪೊರೆಯಾಗಿ ಸುಲಿದು ಬೆಳಕಿಗೆ ಹಿಡಿದು ನೋಡುತ್ತದೆ. ಹಿಮಮನುಷ್ಯನಿಗೆ ಮೂರು ಕಣ್ಣು ಅಂಟಿಸುತ್ತದೆ, ಮೂಗನ್ನು ಹೊಟ್ಟೆಯ ಮೇಲೆ ಇಡುತ್ತದೆ. ಅದರ ಕೆಲಸ ಅದು, ಅಷ್ಟೇ. ಅಷ್ಟನ್ನು ಮಾಡಲು ಬಿಡುವ ಪುರುಸೊತ್ತು ನಮಗ್ಯಾರಿಗೂ ಇಲ್ಲ. ಗೋಡೆಯ ಮೇಲೆ ಇಪ್ಪತ್ತೈದು ಹಿಮಮನುಷ್ಯರು ಒಂದೇ ಅಳತೆಯಲ್ಲಿ, ಒಂದೇ ನಗೆ ನಗುತ್ತಾ ನಿಂತಿರಬೇಕು, ಯಾಕೆಂದರೆ ಸಂಜೆ ಫೋಟೋ ಹೋಗಬೇಕು, ಫೋಟೋ ನೋಡಿ ಮುಂದಿನ ವರ್ಷದ ಅಡ್ಮಿಷನ್ ಬರಬೇಕು. ಆ ಇಪ್ಪತ್ತೈದನ್ನೂ ಕತ್ತರಿಸಿ ಅಂಟಿಸುವವಳು ಮಿಸ್. ಎಷ್ಟೋ ಕಡೆ ಅವಳ ತಿಂಗಳ ಸಂಬಳ ಅದೇ ತರಗತಿಯ ಒಂದು ಮಗುವಿನ ಒಂದು ಕಂತಿನ ಫೀಸಿಗಿಂತ ಕಡಿಮೆ. ಶಾಲೆ ಬಿಟ್ಟ ಮೇಲೆ ಮಕ್ಕಳ ಪುಟ್ಟ ಕುರ್ಚಿಯಲ್ಲಿ ಸೊಂಟ ಮಡಚಿ ಕೂತು, ಮಗು ಅಂಟಿಸಿದ ಮೂರನೇ ಕಣ್ಣನ್ನು ಕಿತ್ತು ಸರಿ ಮಾಡುತ್ತಾಳೆ. ಮಾಡದಿದ್ದರೆ ಬೆಳಿಗ್ಗೆ ಯಾವುದೋ ಅಪ್ಪ ಬಂದು ‘ನಮ್ಮವನದು ಯಾಕೆ ನೀಟಾಗಿಲ್ಲ?’ ಎಂದು ಕೇಳುತ್ತಾನೆ. ಮಗು ಹಿಂದೆ ನಿಂತು ನೋಡುತ್ತಿರುತ್ತದೆ. ತಾನು ಮಾಡಿದ್ದು ತಪ್ಪು ಅಂತ ಅದಕ್ಕೆ ಯಾರೂ ಹೇಳಬೇಕಾಗಿಲ್ಲ, ಗೊತ್ತಾಗುತ್ತದೆ.

ಕ್ರಿಸ್‌ಮಸ್ಸಿನ ಮೇಲೆ ನನಗೇನೂ ಸಿಟ್ಟಿಲ್ಲ. ಮಂಗಳೂರು ಕಡೆಯ ಕ್ರೈಸ್ತರ ಮನೆಗಳಲ್ಲಿ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಕಟ್ಟುವುದನ್ನು ನೋಡಿ. ಹಬ್ಬಕ್ಕೆ ಮುಂಚೆಯೇ ಸಣ್ಣ ತಟ್ಟೆಗಳಲ್ಲಿ ಭತ್ತವೋ ರಾಗಿಯೋ ಬಿತ್ತುತ್ತಾರೆ, ಗೋದಲಿಯ ಹುಲ್ಲಿಗೆ. ನೀರು ಹಾಕುವ ಕೆಲಸ ಮಕ್ಕಳದು. ಜಾಸ್ತಿ ಹಾಕಿ ಕೊಳೆಸುವುದೂ ಅವರದೇ. ಕುಸ್ವಾರು ಅಂದರೆ ಅವರ ಕ್ರಿಸ್‌ಮಸ್ ತಿಂಡಿಗಳು; ಅದರ ಹಿಟ್ಟಿನ ಉಂಡೆಯನ್ನು ಫೋರ್ಕಿನ ಬೆನ್ನ ಮೇಲೆ ಒತ್ತಿ ಉರುಳಿಸಿದರೆ ಕಿಡಿಯೊ ಎಂಬ ತಿಂಡಿ ಆಗುತ್ತದೆ. ಸುತ್ತ ಕೂತ ಚಿಳ್ಳೆಪಿಳ್ಳೆಗಳು ಉರುಳಿಸಿದ್ದು ಸೊಟ್ಟಗಿದ್ದರೂ ಅದೇ ಎಣ್ಣೆಗೆ ಬೀಳುತ್ತದೆ, ಅದೇ ತಟ್ಟೆಯಲ್ಲಿ ಪಕ್ಕದ ಮನೆಗೂ ಹೋಗುತ್ತದೆ. ಯಾರೂ ಲ್ಯಾಮಿನೇಟ್ ಮಾಡುವುದಿಲ್ಲ.

ನಮ್ಮ ಬಯಲುಸೀಮೆಯ ಚಳಿಗಾಲಕ್ಕೆ ಸೊಗಡಿನ ಅವರೆಕಾಯಿ ಇದೆ. ರಾತ್ರಿ ನೆನೆಸಿದ ಕಾಳನ್ನು ಎರಡು ಬೆರಳಲ್ಲಿ ಹಿತಕಿದರೆ ಬೇಳೆ ಪುಳಕ್ಕನೆ ಹಾರಿ ಎದುರು ಕೂತ ಅಜ್ಜಿಯ ಕನ್ನಡಕಕ್ಕೆ ಹೊಡೆಯುತ್ತದೆ. ಬೆರಳಿನ ಸ್ನಾಯು ಬಲಪಡಿಸಲು ಶಾಲೆಯವರು ಚಿಮಟ, ಬಣ್ಣದ ಮಣಿ ಎಂದು ಕಿಟ್ ಮಾರುತ್ತಾರಲ್ಲ, ಅದಕ್ಕಿಂತ ಒಳ್ಳೆಯ ಕಿಟ್ ನಾನು ಕಂಡಿಲ್ಲ.

ಇದನ್ನು ಬರೆಯಬಾರದಿತ್ತೇನೋ. ಶಾಲೆಯವರು ಓದಿದರೆ ಮುಂದಿನ ವಾರವೇ ಸುತ್ತೋಲೆ ಬರುತ್ತದೆ: ‘ದೇಸಿ ವಿಂಟರ್ ವೀಕ್. ಹಿತಕಿದ ಅವರೆಬೇಳೆ ಐವತ್ತು, ಮನೆಯಲ್ಲೇ ಹಿತಕಿ, ಒಣಗಿಸಿ, ಗ್ಲಿಟರ್ ಹಚ್ಚಿ, ಜಿಪ್ ಕವರಿನಲ್ಲಿ ಕಳಿಸಿ. ಮಗುವಿನ ಹೆಸರು, ಸೆಕ್ಷನ್ ಕಡ್ಡಾಯ. ಮಗುವಿನ ಕೈಗೆ ಸೊಗಡು ಹತ್ತದಂತೆ ಪಾಲಕರು ಎಚ್ಚರ ವಹಿಸಬೇಕು.’