ಲಾಸ್ ಏಂಜಲೀಸ್‌ನ 9ನೇ ಕ್ಷೇತ್ರ: ಒಂದೇ ಕುರ್ಚಿ, ಸರಿಯುವ ಗಡಿ

ಲಾಸ್ ಏಂಜಲೀಸ್ ನಗರ ಮಂಡಳಿಯ 9ನೇ ಕ್ಷೇತ್ರದ ಚರಿತ್ರೆಯನ್ನು ಓದುವಾಗಲೆಲ್ಲ ನನ್ನನ್ನು ಕಾಡುವುದು ಅಲ್ಲಿ ಗೆದ್ದವರ ಮತ್ತು ಸೋತವರ ಹೆಸರುಗಳಿಗಿಂತ ಹೆಚ್ಚಾಗಿ ಒಂದು ಸಂಖ್ಯೆ. ನಗರದ 1925ರ ಚಾರ್ಟರ್ (ನಗರಾಡಳಿತದ ಮೂಲ ಕಾಯ್ದೆ) ಮಂಡಳಿಗೆ 15 ಸ್ಥಾನಗಳನ್ನು ನಿಗದಿ ಮಾಡಿತು. 1930ರ ಜನಗಣತಿಯಲ್ಲಿ ಆ ನಗರದ ಜನಸಂಖ್ಯೆ ಸುಮಾರು 12 ಲಕ್ಷವಿತ್ತು. 2020ರಲ್ಲಿ ಅದು ಸುಮಾರು 39 ಲಕ್ಷವಾಗಿತ್ತು. ಸ್ಥಾನಗಳು ಮಾತ್ರ ಆಗಲೂ 15, ಈಗಲೂ 15. ಅಂದರೆ ಒಬ್ಬೊಬ್ಬ ಸದಸ್ಯರೂ ಸುಮಾರು 2.6 ಲಕ್ಷ ಜನರನ್ನು ಪ್ರತಿನಿಧಿಸಬೇಕು. 9ನೇ ಕ್ಷೇತ್ರದಲ್ಲಿ ಮುಕ್ಕಾಲು ಶತಮಾನ ನಡೆದ ಜಗ್ಗಾಟದ ಬಹುಪಾಲು ಈ ಕೊರತೆಯಿಂದಲೇ ಹುಟ್ಟಿದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಎಡ್ವರ್ಡ್ ರಾಯ್ಬಾಲ್ 1947ರಲ್ಲಿ ಈ ಕ್ಷೇತ್ರದಿಂದ ಸ್ಪರ್ಧಿಸಿ ಸೋತರು. ಕ್ಷಯರೋಗ ನಿವಾರಣೆಯ ಸಂಸ್ಥೆಯೊಂದರಲ್ಲಿ ಆರೋಗ್ಯ ಶಿಕ್ಷಣದ ಕೆಲಸ ಮಾಡುತ್ತಿದ್ದ ಅವರಿಗೆ ಆಗ ಮೂವತ್ತರ ಆಸುಪಾಸು. ಅಂದಿನ 9ನೇ ಕ್ಷೇತ್ರದಲ್ಲಿ ಬಾಯ್ಲ್ ಹೈಟ್ಸ್ ಇತ್ತು. ಮೆಕ್ಸಿಕನ್ ಮೂಲದವರು, ಯಹೂದಿಗಳು, ಜಪಾನಿ ಮೂಲದವರು ಮತ್ತು ಕಪ್ಪುಜನರು ಒಂದೇ ಬೀದಿಗಳಲ್ಲಿ ಬದುಕುತ್ತಿದ್ದ ಬಡಾವಣೆ ಅದು. ಸೋಲಿನ ಬಳಿಕ ಅವರ ಬೆಂಬಲಿಗರು ಚದುರಿಹೋಗಲಿಲ್ಲ. ಸಂಘಟಕ ಫ್ರೆಡ್ ರಾಸ್ ಅವರೊಂದಿಗೆ ಸೇರಿ ಕಮ್ಯುನಿಟಿ ಸರ್ವಿಸ್ ಆರ್ಗನೈಸೇಶನ್ ಎಂಬ ಸಂಘಟನೆಯನ್ನು ಕಟ್ಟಿದರು, ಮನೆಮನೆಗೆ ಹೋಗಿ ಸಾವಿರಾರು ಜನರ ಹೆಸರುಗಳನ್ನು ಮತದಾರರ ಪಟ್ಟಿಗೆ ಸೇರಿಸಿದರು. 1949ರಲ್ಲಿ ರಾಯ್ಬಾಲ್ ಅಂದಿನ ಹಾಲಿ ಸದಸ್ಯ ಪಾರ್ಲಿ ಕ್ರಿಸ್ಟೆನ್ಸನ್ ಅವರನ್ನು ಸೋಲಿಸಿದರು. ಸ್ಪೇನ್ ಆಡಳಿತದ ಕಾಲದಿಂದಲೂ ಸ್ಪ್ಯಾನಿಷ್ ಹೆಸರನ್ನೇ ಹೊತ್ತಿರುವ ಆ ನಗರದ ಮಂಡಳಿಯಲ್ಲಿ, 19ನೇ ಶತಮಾನದ ಬಳಿಕ ಮೆಕ್ಸಿಕನ್ ಮೂಲದವರೊಬ್ಬರು ಕುಳಿತದ್ದು ಅದೇ ಮೊದಲು.

ರಾಯ್ಬಾಲ್ ಅವರ ಬಗ್ಗೆ ನನಗಿರುವ ಗೌರವ ಕೇವಲ ಈ ಮೊದಲಿಗತನಕ್ಕಾಗಿ ಅಲ್ಲ. ಕಮ್ಯುನಿಸ್ಟರು ತಮ್ಮ ಹೆಸರನ್ನು ನೋಂದಾಯಿಸಿಕೊಳ್ಳಲೇಬೇಕೆಂಬ ಕಟ್ಟಳೆ 1950ರಲ್ಲಿ ಮಂಡಳಿಯ ಮುಂದೆ ಬಂದಾಗ ಅದಕ್ಕೆ ವಿರುದ್ಧವಾಗಿ ಮತ ಹಾಕಿದವರು ಅವರೊಬ್ಬರೇ. ದೇಶವೆಲ್ಲ ಭಯದಲ್ಲಿದ್ದ ಹೊತ್ತಿನಲ್ಲಿ, ಗೆದ್ದು ಒಂದೇ ವರ್ಷವಾಗಿದ್ದ ಸದಸ್ಯರೊಬ್ಬರು ಹಾಗೆ ಒಂಟಿಯಾಗಿ ನಿಲ್ಲುವುದಕ್ಕೆ ಎಷ್ಟು ಗಟ್ಟಿ ಮನಸ್ಸು ಬೇಕೆಂಬುದನ್ನು ಯೋಚಿಸಿ ನೋಡಬೇಕು. 1959ರ ಮೇ ತಿಂಗಳಲ್ಲಿ ಚಾವೆಜ್ ರವೀನ್ ಎಂಬ ಮೆಕ್ಸಿಕನ್ ಮೂಲದವರ ಬಡಾವಣೆಯ ಕೊನೆಯ ಕುಟುಂಬಗಳನ್ನು ಪೊಲೀಸರು ಮನೆಯಿಂದ ಹೊತ್ತು ಹೊರಹಾಕಿದಾಗಲೂ ಅವರು ಮಂಡಳಿಯಲ್ಲಿ ಅದನ್ನು ಖಂಡಿಸಿದರು. ಆ ಮನೆಗಳಿದ್ದ ಗುಡ್ಡದಲ್ಲಿ 1962ರಲ್ಲಿ ಡಾಡ್ಜರ್ಸ್ ಬೇಸ್‌ಬಾಲ್ ತಂಡದ ಕ್ರೀಡಾಂಗಣ ತೆರೆಯಿತು.

ಅದೇ 1962ರಲ್ಲಿ ರಾಯ್ಬಾಲ್ ಅಮೆರಿಕದ ಕಾಂಗ್ರೆಸ್ಸಿಗೆ ಆಯ್ಕೆಯಾದರು. ಈ ಕ್ಷೇತ್ರದ ಚರಿತ್ರೆಯಲ್ಲಿ ನಾನು ಅತ್ಯಂತ ನಿರ್ಣಾಯಕವೆಂದು ಎಣಿಸುವ ಘಟನೆ ಆಗ ನಡೆಯಿತು. ತೆರವಾದ ಸ್ಥಾನವನ್ನು ತುಂಬಿದವರು ಮತದಾರರಲ್ಲ, ಉಳಿದ ಮಂಡಳಿ ಸದಸ್ಯರು. 1963ರ ಜನವರಿಯಲ್ಲಿ ಅವರು ಗಿಲ್ಬರ್ಟ್ ಲಿಂಡ್ಸೆ ಅವರನ್ನು ನೇಮಿಸಿದರು. ಮಿಸಿಸಿಪ್ಪಿಯಲ್ಲಿ ಹುಟ್ಟಿ, ಲಾಸ್ ಏಂಜಲೀಸ್‌ನ ನೀರು ಮತ್ತು ವಿದ್ಯುತ್ ಇಲಾಖೆಯಲ್ಲಿ ಒಂದು ಕಾಲಕ್ಕೆ ಕಸ ಗುಡಿಸುವ ಕೆಲಸ ಮಾಡಿದ್ದ ಲಿಂಡ್ಸೆ ಆ ಮಂಡಳಿಯ ಮೊದಲ ಕಪ್ಪು ಸದಸ್ಯರಾದರು. ಅದು ಅನ್ಯಾಯವೆಂದು ಹೇಳಲು ನನಗೆ ನಾಲಿಗೆ ಬರುವುದಿಲ್ಲ, ಏಕೆಂದರೆ ಅಲ್ಲಿಯವರೆಗೆ ಕಪ್ಪುಜನರಿಗೆ ಒಂದು ಸ್ಥಾನವೂ ಸಿಕ್ಕಿರಲಿಲ್ಲ. ಆದರೆ ಅದರ ಇನ್ನೊಂದು ಮುಖವನ್ನು ಮರೆಯುವುದಕ್ಕೂ ಆಗುವುದಿಲ್ಲ. ರಾಯ್ಬಾಲ್ ಹೋದ ಮೇಲೆ 1985ರ ವರೆಗೆ, ಅಂದರೆ ಎರಡು ದಶಕಗಳಿಗೂ ಹೆಚ್ಚು ಕಾಲ, ಮಂಡಳಿಯಲ್ಲಿ ಒಬ್ಬ ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದ) ಸದಸ್ಯರೂ ಇರಲಿಲ್ಲ. ಎರಡು ಸಮುದಾಯಗಳಿಗೂ ಬಾಕಿಯಿದ್ದ ಪಾಲನ್ನು ಕೊಡಲು ಮಂಡಳಿಗೆ ಕಂಡದ್ದು ಒಂದೇ ಕುರ್ಚಿ. ಒಬ್ಬರನ್ನು ಕೂರಿಸಬೇಕಾದರೆ ಇನ್ನೊಬ್ಬರು ನಿಂತೇ ಇರಬೇಕಾಯಿತು. ನೇಮಕವಾದ 1963ರಲ್ಲೇ ನಡೆದ ಚುನಾವಣೆಯಲ್ಲಿ ಲಿಂಡ್ಸೆ ಮತದಾರರಿಂದಲೂ ಗೆದ್ದರು ಎಂಬುದನ್ನು ಇಲ್ಲಿ ಹೇಳಲೇಬೇಕು. 10ನೇ ಕ್ಷೇತ್ರದಿಂದ ಟಾಮ್ ಬ್ರಾಡ್ಲಿ ಮತ್ತು 8ನೇ ಕ್ಷೇತ್ರದಿಂದ ಬಿಲ್ಲಿ ಮಿಲ್ಸ್ ಕೂಡ ಗೆದ್ದದ್ದರಿಂದ ಮಂಡಳಿಯಲ್ಲಿ ಕಪ್ಪು ಸದಸ್ಯರು ಮೂವರಾದರು.

ಲಿಂಡ್ಸೆ 1990ರ ಡಿಸೆಂಬರ್‌ನಲ್ಲಿ ತೀರಿಕೊಳ್ಳುವವರೆಗೂ ಆ ಸ್ಥಾನದಲ್ಲಿದ್ದರು. ‘ಮಹಾನ್ 9ನೇ ಕ್ಷೇತ್ರದ ಚಕ್ರವರ್ತಿ’ ಎಂದು ತಮ್ಮನ್ನು ತಾವೇ ಕರೆದುಕೊಳ್ಳುತ್ತಿದ್ದರು. ಅವರ ಕಾಲದಲ್ಲಿ ನಗರದ ಕೇಂದ್ರ ವಾಣಿಜ್ಯ ಪ್ರದೇಶವಾದ ಡೌನ್‌ಟೌನ್‌ನ ಬಂಕರ್ ಹಿಲ್‌ನಲ್ಲಿ ಗಗನಚುಂಬಿ ಕಟ್ಟಡಗಳು ಎದ್ದವು, ಸಮಾವೇಶ ಕೇಂದ್ರ ಬಂತು. ಅದೇ ಕ್ಷೇತ್ರದ ದಕ್ಷಿಣದ ತುದಿಯಲ್ಲಿ, ಹಿಂದೊಮ್ಮೆ ಜಾಝ್ ಸಂಗೀತಕ್ಕೆ ಹೆಸರಾಗಿದ್ದ ಸೆಂಟ್ರಲ್ ಅವೆನ್ಯೂ ಸುತ್ತಮುತ್ತ, ಕಾರ್ಖಾನೆಗಳು ಮುಚ್ಚಿ ಬಡತನ ಬೇರೂರಿತು. ಡೌನ್‌ಟೌನ್ ಬೆಳೆದರೆ ಅದರ ಫಲ ದಕ್ಷಿಣದ ಬಡಾವಣೆಗಳಿಗೂ ಹರಿಯುತ್ತದೆ ಎಂಬ ನಂಬಿಕೆ ಅಲ್ಲಿ ನಿಜವಾಗಲಿಲ್ಲ. ಹಾಗಿದ್ದರೂ ಎರಡೂ ಒಂದೇ ಕ್ಷೇತ್ರದಲ್ಲಿದ್ದಾಗ, ಶ್ರೀಮಂತ ಡೆವಲಪರ್ ಮತ್ತು ಬಡ ಬಾಡಿಗೆದಾರ ಇಬ್ಬರೂ ಬಡಿಯಬೇಕಾದ ಬಾಗಿಲು ಒಂದೇ ಆಗಿತ್ತು. ಆ ಬಾಗಿಲಿಗೆ ಬೆಲೆಯಿತ್ತು ಎಂದೇ ನಾನು ನಂಬುತ್ತೇನೆ.

1991ರಲ್ಲಿ ರೀಟಾ ವಾಲ್ಟರ್ಸ್ ಅತ್ಯಲ್ಪ ಅಂತರದಲ್ಲಿ ಗೆದ್ದು, ಆ ಮಂಡಳಿಗೆ ಆಯ್ಕೆಯಾದ ಮೊದಲ ಕಪ್ಪು ಮಹಿಳೆಯಾದರು; 2001ರಲ್ಲಿ ಜ್ಯಾನ್ ಪೆರಿ ಬಂದರು. ಈ ನಡುವೆ ಕ್ಷೇತ್ರದ ದಕ್ಷಿಣ ಭಾಗದ ಬೀದಿಗಳು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದಿಂದ ಬಂದವರಿಂದ ತುಂಬಿಕೊಂಡವು. ಅಲಮೀಡಾ ಬೀದಿಯ ಪಕ್ಕದಲ್ಲಿ ಸುಮಾರು 14 ಎಕರೆ ಜಾಗದಲ್ಲಿ ನೂರಾರು ವಲಸಿಗ ಕುಟುಂಬಗಳು ಮಾಡುತ್ತಿದ್ದ ಸೌತ್ ಸೆಂಟ್ರಲ್ ತೋಟವನ್ನು 2006ರ ಜೂನ್‌ನಲ್ಲಿ ತೆರವುಗೊಳಿಸಲಾಯಿತು. ಅಷ್ಟು ಹೊತ್ತಿಗೆ ಕ್ಷೇತ್ರದ ನಿವಾಸಿಗಳಲ್ಲಿ ಬಹುದೊಡ್ಡ ಪಾಲು ಲ್ಯಾಟಿನೊ ಜನರೇ ಆಗಿದ್ದರೂ ಮತಪೆಟ್ಟಿಗೆಯ ಲೆಕ್ಕ ಬೇರೆಯಿತ್ತು. ಕ್ಷೇತ್ರಗಳನ್ನು ವಿಂಗಡಿಸುವಾಗ ಮಕ್ಕಳನ್ನೂ ಪೌರತ್ವವಿಲ್ಲದವರನ್ನೂ ಸೇರಿಸಿ ಎಲ್ಲರ ತಲೆ ಎಣಿಸುತ್ತಾರೆ, ಮತ ಹಾಕುವವರು ವಯಸ್ಕ ಪೌರರು ಮಾತ್ರ. ಎಲ್ಲರನ್ನೂ ಎಣಿಸುವ ಕ್ರಮವೇ ಸರಿ, ಏಕೆಂದರೆ ಬೀದಿ ದೀಪ ಮತ ಹಾಕಿದವರಿಗೆ ಮಾತ್ರ ಉರಿಯುವುದಿಲ್ಲ. ಆದರೆ ಮತವಿಲ್ಲದ ಜನ ಹೆಚ್ಚಾಗಿರುವ ಕ್ಷೇತ್ರದಿಂದ ಏನನ್ನಾದರೂ ಕಿತ್ತುಕೊಳ್ಳುವುದು ಸುಲಭ.

2012ರಲ್ಲಿ ನಡೆದದ್ದು ಅದೇ. ಹತ್ತು ವರ್ಷಕ್ಕೊಮ್ಮೆ ಆಗುವ ಮರುವಿಂಗಡಣೆಯಲ್ಲಿ ಡೌನ್‌ಟೌನ್‌ನ ಬಹುಭಾಗವನ್ನು 9ನೇ ಕ್ಷೇತ್ರದಿಂದ ತೆಗೆದು, ಹೋಸೆ ಹುಯಿಝಾರ್ ಪ್ರತಿನಿಧಿಸುತ್ತಿದ್ದ 14ನೇ ಕ್ಷೇತ್ರಕ್ಕೆ ಸೇರಿಸಲಾಯಿತು. ಪೆರಿ ಮತ್ತು 8ನೇ ಕ್ಷೇತ್ರದ ಬರ್ನಾರ್ಡ್ ಪಾರ್ಕ್ಸ್ ತೀವ್ರವಾಗಿ ವಿರೋಧಿಸಿದರೂ ಪ್ರಯೋಜನವಾಗಲಿಲ್ಲ. ಸಲಹೆ ಕೊಡಲು ಆಯೋಗವೊಂದು ಇತ್ತಾದರೂ ಅದರ ಸದಸ್ಯರನ್ನು ಆರಿಸಿದವರು ರಾಜಕಾರಣಿಗಳು, ಕೊನೆಯ ಗೆರೆ ಎಳೆದದ್ದು ಮಂಡಳಿ. ದಶಕಗಳ ಕಾಲ 9ನೇ ಕ್ಷೇತ್ರಕ್ಕೆ ತೂಕ ಕೊಟ್ಟಿದ್ದ ನೆಲ ಹೀಗೆ ಒಂದು ನಕ್ಷೆಯಿಂದ ಇನ್ನೊಂದಕ್ಕೆ ಸರಿಯಿತು. ಅದೇ ಡೌನ್‌ಟೌನ್‌ನ ಕಟ್ಟಡ ಯೋಜನೆಗಳಿಗೆ ಸಂಬಂಧಿಸಿದ ಲಂಚದ ಪ್ರಕರಣದಲ್ಲಿ ಹುಯಿಝಾರ್ ತಪ್ಪೊಪ್ಪಿಕೊಂಡರು, 2024ರ ಜನವರಿಯಲ್ಲಿ ಅವರಿಗೆ 13 ವರ್ಷಗಳ ಸೆರೆವಾಸದ ಶಿಕ್ಷೆಯಾಯಿತು. ಗಡಿ ಬದಲಾಗದಿದ್ದರೆ ಭ್ರಷ್ಟಾಚಾರವೇ ಇರುತ್ತಿರಲಿಲ್ಲ ಎಂದು ನಾನು ವಾದಿಸುತ್ತಿಲ್ಲ. ಆ ನೆಲದಲ್ಲಿ ಎಷ್ಟು ಹಣ ಅಡಗಿತ್ತೆಂಬುದನ್ನು, ಆದ್ದರಿಂದ 9ನೇ ಕ್ಷೇತ್ರ ಕಳೆದುಕೊಂಡದ್ದು ಏನೆಂಬುದನ್ನು, ಆ ಪ್ರಕರಣ ತೋರಿಸುತ್ತದೆ.

2013ರಿಂದ ಕರೆನ್ ಪ್ರೈಸ್ ಈ ಕ್ಷೇತ್ರವನ್ನು ಪ್ರತಿನಿಧಿಸಿದರು. 2022ರ ಅಕ್ಟೋಬರ್‌ನಲ್ಲಿ ಮೂವರು ಸದಸ್ಯರು ಮತ್ತು ಒಬ್ಬ ಕಾರ್ಮಿಕ ನಾಯಕರ ಖಾಸಗಿ ಮಾತುಕತೆಯ ಧ್ವನಿಮುದ್ರಣ ಬಯಲಾದಾಗ, ಅದರಲ್ಲಿದ್ದ ಜನಾಂಗೀಯ ಹೀಯಾಳಿಕೆಯನ್ನು ಎಲ್ಲರೂ ಖಂಡಿಸಿದರು, ಖಂಡಿಸಬೇಕಾದದ್ದೇ. ಆದರೆ ಆ ಮಾತುಕತೆ ನಡೆದದ್ದು ಹಿಂದಿನ ವರ್ಷದ ಮರುವಿಂಗಡಣೆಯ ಬಗ್ಗೆ: ಯಾವ ಆಸ್ತಿ ಯಾರ ಕ್ಷೇತ್ರಕ್ಕೆ ಹೋಗಬೇಕು, ಯಾರ ಬಲ ಕುಂದಬೇಕು ಎಂಬುದರ ಬಗ್ಗೆ. 1963ರಲ್ಲಿ ಆರಂಭವಾದ ಒಂದು ಕುರ್ಚಿಯ ಲೆಕ್ಕಾಚಾರವೇ ಅಲ್ಲಿ ಮತ್ತೆ ಕೇಳಿಸಿತು.

2024ರ ನವೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನ ಮತದಾರರು, ಗಡಿ ಎಳೆಯುವ ಅಧಿಕಾರವನ್ನು ಮಂಡಳಿಯಿಂದ ತೆಗೆದು ಸ್ವತಂತ್ರ ಆಯೋಗಕ್ಕೆ ಕೊಡುವ ತಿದ್ದುಪಡಿಯನ್ನು ಒಪ್ಪಿದರು. ನಾನು ಅದನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಮಂಡಳಿಯ ಸ್ಥಾನಗಳನ್ನು ಹೆಚ್ಚಿಸುವ ಪ್ರಶ್ನೆ ಆ ಮತಪತ್ರದಲ್ಲಿ ಇರಲಿಲ್ಲ. ಹೊಸ ಆಯೋಗ ಎಷ್ಟೇ ಪ್ರಾಮಾಣಿಕವಾಗಿ ಕೆಲಸ ಮಾಡಿದರೂ, 39 ಲಕ್ಷ ಜನರನ್ನು 15 ಭಾಗ ಮಾಡುವಾಗ ಸೆಂಟ್ರಲ್ ಅವೆನ್ಯೂವಿನ ಹಳೆಯ ಕಪ್ಪು ಕುಟುಂಬಗಳನ್ನೂ ಅವರ ಪಕ್ಕದ ಮನೆಯ ಲ್ಯಾಟಿನೊ ಕುಟುಂಬಗಳನ್ನೂ ಮತ್ತೆ ಒಂದೇ ಸ್ಥಾನಕ್ಕಾಗಿ ಎದುರುಬದುರು ನಿಲ್ಲಿಸಬೇಕಾಗುತ್ತದೆ. 2030ರ ಜನಗಣತಿಯ ನಂತರದ ನಕ್ಷೆ ಸಿದ್ಧವಾಗುವ ಮೊದಲೇ ಸ್ಥಾನಗಳ ಸಂಖ್ಯೆಯನ್ನು ಕನಿಷ್ಠ ಎರಡರಷ್ಟಾದರೂ ಮಾಡಬೇಕು, ತೆರವಾದ ಸ್ಥಾನವನ್ನು ನೇಮಕದಿಂದ ತುಂಬುವ ಪದ್ಧತಿಯನ್ನು ಪೂರ್ತಿಯಾಗಿ ಕೈಬಿಡಬೇಕು. ಹಾಗಾದರೆ ರಾಯ್ಬಾಲ್ ಅವರ ಬಾಯ್ಲ್ ಹೈಟ್ಸ್‌ನಲ್ಲಿ ನಡೆದಂತೆ, ಸೋತವರು ಎರಡೇ ವರ್ಷ ಮನೆಮನೆ ಸುತ್ತಿ ಗೆಲ್ಲಬಹುದಾದಷ್ಟು ಚಿಕ್ಕ ಕ್ಷೇತ್ರಗಳು ಆ ನಗರಕ್ಕೆ ಮತ್ತೆ ಸಿಗುತ್ತವೆ.